ಗ್ಯಾಲಿ ಗುಲಾಮರ ಗೋಳು

ಒಂದು ಪದ ಆಚೀಚೆ ಆದರೆ ಎಂಥೆಂಥ ಫಜೀತಿ ಆಗುತ್ತೆ ಅನ್ನೋದನ್ನ ನಮ್ಮ ಕಸುಬಿನವರನ್ನ ಕೇಳಬೇಕು. ವಾರಕ್ಕೊಂದಾದರೂ ನಡೀದಿದ್ರೆ ನನಗೇ ಏನೋ ಕಳಕೊಂಡ ಹಾಗಾಗುತ್ತೆ. ಶೋಳಿಂಗನಲ್ಲೂರಿನ ಒಂದು ಆಫೀಸಿನಲ್ಲಿ ನಾನು ಪ್ರೂಫ್ ರೀಡರ್. ಹೊರದೇಶದ ಪ್ರೊಫೆಸರುಗಳು ಬರೆದ ಪುಸ್ತಕಗಳನ್ನ ನಾವು ಚೆನ್ನೈಯಲ್ಲಿ ಕೂತು ಪುಟ ಕಟ್ಟಿ, ತಪ್ಪು ತಿದ್ದಿ ಕಳಿಸ್ತೀವಿ. ತಿದ್ದೋದಕ್ಕೆ ಅಂತ ತೆಗೆಯೋ ಪ್ರತಿಗೆ ಹೊಸಬರು ಪ್ರೂಫ್ ಅಂತಾರೆ, ಹಳಬರು ಗ್ಯಾಲಿ ಅಂತಾರೆ. ನಾನು ಹಳಬಳು. ಈ ಗ್ಯಾಲಿ ನನ್ನನ್ನ ಕಾಡಿಸಿದಷ್ಟು ನಮ್ಮತ್ತೆ ಕೂಡ ಕಾಡಿಸಿಲ್ಲ.

ಮನೆಯಲ್ಲಿ ಪಾಠ

ಒಂದು ಸಂಜೆ ವೆಸ್ಟ್ ಮಾಂಬಲಂನ ಮನೆಗೆ ಬಂದವಳೇ ಸೋಫಾ ಮೇಲೆ ಕುಸಿದು, "ನಾನು ಬರೀ ಗ್ಯಾಲಿ ಸ್ಲೇವ್ ಆಗ್ಬಿಟ್ಟೆ ಕಣ್ರೀ" ಅಂದೆ. ನಮ್ಮೆಜಮಾನ್ರು ಬ್ಯಾಂಕಿನವರು. ಗೊತ್ತಿಲ್ಲದ್ದನ್ನ ಕೇಳಿ ತಿಳಕೊಳ್ಳೋ ಜಾಯಮಾನ.

"ಹಾಗಂದ್ರೆ?" ಅಂದರು.

"ಹಿಂದೆ ಗ್ಯಾಲಿ ಅಂತ ಉದ್ದನೆ ಹಡಗು ಇರ್ತಿತ್ತು. ಖೈದಿಗಳನ್ನ, ಗುಲಾಮರನ್ನ ಸರಪಳಿ ಹಾಕಿ ಕೂರಿಸಿ ಹುಟ್ಟು ಹಾಕಿಸ್ತಿದ್ರು. ಅವರೇ ಗ್ಯಾಲಿ ಸ್ಲೇವ್. ಆಮೇಲೆ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿಡೋ ತಟ್ಟೆಗೂ ಗ್ಯಾಲಿ ಅಂದ್ರು. ಮೊಳೆ ಜೋಡಿಸೋರು ತಮ್ಮನ್ನ ತಾವೇ ಗ್ಯಾಲಿ ಸ್ಲೇವ್ ಅಂತ ಆಡ್ಕೊಂಡ್ರು. ಈಗ ಯಾರು ಕತ್ತೆ ದುಡಿದ ಹಾಗೆ ದುಡೀತಾರೋ ಅವರೆಲ್ಲ ಅದೇ."

"ಅಯ್ಯೋ ಪಾಪ" ಅಂದರು. ನನಗೂ ಹುರುಪು ಬಂತು. "ಹಡಗಿನ ಅಡುಗೆಮನೆಗೂ ಗ್ಯಾಲಿ ಅಂತಾನೇ ಹೆಸರು, ಗೊತ್ತಾ?" ಅಂದೆ.

"ಓಹೋ, ಹಾಗಾದ್ರೆ ಅಡುಗೆಮನೇಲಿ ದುಡಿಯೋರಿಗೂ ಗ್ಯಾಲಿ ಸ್ಲೇವ್ ಅಂತಾರೋ?"

ನಮ್ಮ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ. ಮೊಬೈಲಿನಿಂದ ಕಣ್ಣೆತ್ತದೆ ಹೇಳಿದಳು: "ಇಲ್ಲಪ್ಪಾ, ಅವಂಗ ಪೇರು ಅಮ್ಮಾ." ಅವರ ಹೆಸರು ಅಮ್ಮ ಅಂತ.

ಮೂರು ಮನೆ

ಇನ್ನೊಂದು ಸಂಜೆ ಆಫೀಸ್ ಕಾರಿನಲ್ಲಿ ಮನೆಗೆ ಬರ್ತಾ ಫೋನಿನಲ್ಲಿ ಸಹೋದ್ಯೋಗಿಗೆ ತಮಿಳಿನಲ್ಲಿ ಹೇಳ್ತಿದ್ದೆ: "ನನ್ನ ಹತ್ರ ಮೂರು ಗ್ಯಾಲಿ ಇದೆ. ಎರಡು ಸಣ್ಣವು, ಒಂದು ದೊಡ್ಡದು. ಇನ್ನೂ ಯಾರಿಗೂ ಕೊಟ್ಟಿಲ್ಲ."

ತಮಿಳಿನಲ್ಲಿ ಖಾಲಿಗೆ 'ಕಾಲಿ' ಅಂತಾರೆ. ಡ್ರೈವರಣ್ಣನ ಕಿವಿ ನೆಟ್ಟಗಾಯಿತು. ಫೋನ್ ಇಟ್ಟ ತಕ್ಷಣ, "ಮೇಡಂ, ಮೂಣು ವೀಡು ಕಾಲಿಯಾ?" ಅಂದ. ಮೂರು ಮನೆ ಖಾಲಿ ಇದೆಯಾ ಅಂತ. ಅವನಿರೋ ಮನೆ ಓನರು ಬಿಡು ಬಿಡು ಅಂತ ಪೀಡಿಸ್ತಿದ್ದಾನಂತೆ, ಸಣ್ಣದೊಂದು ಸಾಕಂತೆ, ಮಕ್ಕಳು ಗಲಾಟೆ ಮಾಡೋದಿಲ್ಲವಂತೆ.

ತರಮಣಿಯಿಂದ ಸೈದಾಪೇಟೆವರೆಗೂ ವಿವರಿಸಿದೆ. ಮನೆ ಅಲ್ಲಪ್ಪ, ಪುಸ್ತಕ. ಅಚ್ಚಾಗೋಕ್ಕೆ ಮುಂಚಿನ ಕಾಗದ. ಅದರಲ್ಲಿ ತಪ್ಪು ಹುಡುಕ್ತೀನಿ. ಅವನು ಬಹಳ ಶ್ರದ್ಧೆಯಿಂದ ಕೇಳಿ, "ಪುರಿಂಜುದು ಮೇಡಂ" ಅಂದ. ಸದ್ಯ, ಅರ್ಥ ಆಯಿತಲ್ಲ ಅಂತ ಮನೆ ಮುಂದೆ ಇಳಿದೆ.

ಅವನು ಗಾಜು ಇಳಿಸಿ, ಕೈ ಮುಗಿದು ಹೇಳಿದ: "ಕಾಲಿ ಆನಾ ಸೊಲ್ಲುಂಗ ಮೇಡಂ." ಖಾಲಿ ಆದಾಗ ಹೇಳಿ ಅಂತ.

ಪ್ರೂಫ್ ಮುಳುಗಿತು

ಇಷ್ಟರಲ್ಲಿ ನಮಗೊಬ್ಬ ಹೊಸ ಮೇನೇಜರ್ ಬಂದರು. ಬಂದ ವಾರವೇ ಒಂದು ಆಜ್ಞೆ: "ಗ್ಯಾಲಿ ಅನ್ನೋದು ಓಲ್ಡ್ ಫ್ಯಾಷನ್. ಇನ್ಮೇಲೆ ಎಲ್ಲರೂ ಪ್ರೂಫ್ ಅನ್ನಬೇಕು." ಬಾಯಿಮಾತು ಸಾಲದು ಅಂತ, ಪುಸ್ತಕಗಳಲ್ಲಿ ಪದ ಬದಲಾಯಿಸೋ ಸಾಫ್ಟ್‌ವೇರಿಗೂ ಅದನ್ನ ಸೇರಿಸಿಬಿಟ್ಟರು.

ಆಗ ನನ್ನ ಕೈಯಲ್ಲಿದ್ದದ್ದು ಇಂಗ್ಲೆಂಡಿನ ಒಬ್ಬ ಮುದಿ ಪ್ರೊಫೆಸರ ಪುಸ್ತಕ. ವಿಷಯ, ಹಾಳಾದ್ದು, ಗ್ಯಾಲಿ ಹಡಗುಗಳ ಚರಿತ್ರೆ! ನಾನು ಒಂದೊಂದು ಸಾಲೂ ಓದಿ ಮುಗಿಸಿದ್ದೆ. ಕೊನೆಗೆ ಸಾಫ್ಟ್‌ವೇರಿನಲ್ಲಿ ಹಾಯಿಸಿದ ಮೇಲೆ ಇನ್ನೊಮ್ಮೆ ನೋಡಬೇಕಿತ್ತು. ಟಿ. ನಗರದಲ್ಲಿ ನಾದಿನಿ ಸೀರೆ ಆರಿಸ್ತಾ ಕಾಯ್ತಿದ್ದಳು. ನೋಡದೆ ಸಹಿ ಹಾಕಿ ಹೊರಟೆ. ತಪ್ಪು ನನ್ನದೇ, ಸುಳ್ಳೇಕೆ ಹೇಳಲಿ.

ಶನಿವಾರ ಪ್ರೊಫೆಸರಿಂದ ಮೇಲ್ ಬಂತು. ಫೈಲ್ ತೆಗೆದೆ. "ಇನ್ನೂರು ಪ್ರೂಫ್ ಗುಲಾಮರು ಸರಪಳಿ ಸಮೇತ ಪ್ರೂಫಿಗೆ ಹುಟ್ಟು ಹಾಕುತ್ತಿದ್ದರು. ಬಿರುಗಾಳಿಗೆ ಎರಡು ಪ್ರೂಫ್ ಮುಳುಗಿದವು. ಉಳಿದ ಪ್ರೂಫ್‌ಗಳಿಗೆ ಶತ್ರುಗಳು ಬೆಂಕಿ ಹಚ್ಚಿದರು." ಪುಸ್ತಕದ ತುಂಬ ಇದೇ.

ಮೇನೇಜರ್ ನನ್ನ ಸಹಿ ತೋರಿಸಿ, "ಅವರು ಪಬ್ಲಿಷರಿಗೆ ದೂರು ಕೊಟ್ರೆ ನಿಮ್ಮ ಕೆಲಸ ಉಳಿಸೋದು ನನ್ನ ಕೈಲಿಲ್ಲ" ಅಂದರು. ಪದ ಸೇರಿಸಿದ್ದು ಯಾರು ಸ್ವಾಮಿ ಅಂತ ಬಾಯಿತನಕ ಬಂತು, ನುಂಗಿಕೊಂಡೆ. ನನ್ನ ಪಕ್ಕದ ಸೀಟಿನವಳು ಸಮಾಧಾನ ಮಾಡಿದಳು: "ಬಿಡಕ್ಕಾ, ಮುಳುಗಿದ್ದು ಎರಡೇ ಅಲ್ವಾ?"

ಒಂದೇ ಒಂದು ಸಂದೇಹ

ಮರುದಿನ ಮಧ್ಯಾಹ್ನ ಪ್ರೊಫೆಸರ ಜೊತೆ ವಿಡಿಯೋ ಕಾಲ್. ಇಡೀ ಟೀಮು ಬರಬೇಕು ಅಂತ ಮೇನೇಜರ್ ಅಪ್ಪಣೆ. ಅವರು ಮುಂದೆ, ನಾವು ಆರು ಜನ ಹಿಂದೆ ಸಾಲಾಗಿ ಕೂತೆವು. ಪರದೆ ಮೇಲೆ ಬಿಳಿ ಹುಬ್ಬಿನ ಮುದುಕರು ಬಂದರು. ನಗು ಇಲ್ಲ, ನಮಸ್ಕಾರ ಇಲ್ಲ.

ನಾನೇ ಎದ್ದು ನಿಂತು, "ಸರ್, ಸಹಿ ನನ್ನದು, ನೋಡದೆ ಹಾಕಿದೆ. ಕ್ಷಮಿಸಿ" ಅಂದೆ.

ಅವರು ಕೈಯಾಡಿಸಿ, "ಕೂತ್ಕೊಳ್ಳಮ್ಮ. ಸರಿ ಮಾಡಿ ಕಳಿಸಿ, ನಾನು ಯಾರಿಗೂ ದೂರು ಕೊಡೋದಿಲ್ಲ. ಎಷ್ಟೋ ದಿನಗಳಾಗಿತ್ತು ಇಷ್ಟು ನಕ್ಕು" ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣೀರು ಬಂದೇಬಿಟ್ಟಿತು, ಸೆರಗಿನಲ್ಲಿ ಒರೆಸಿಕೊಂಡೆ.

"ಆದರೆ ಒಂದೇ ಒಂದು ಸಂದೇಹ" ಅಂತ ಅವರು ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. "ಪ್ರೂಫ್ ಗುಲಾಮರಿಗೆ ತಿನ್ನಲು ಒಣ ಬಿಸ್ಕತ್ತು. ಬೆನ್ನ ಹಿಂದೆ ಯಾವಾಗಲೂ ಮೇಲ್ವಿಚಾರಕ. ಭಾನುವಾರವೂ ಬಿಡುವಿಲ್ಲ." ಓದಿ ತಲೆ ಎತ್ತಿದರು. "ಇದೂ ತಪ್ಪಾಗಿ ಬಂದಿದೆಯೋ, ಅಥವಾ ನಿಮ್ಮ ಆಫೀಸಿನ ವಿಷಯ ನೀವೇ ಸೇರಿಸಿದ್ದೋ?"

ನಾವು ಆರೂ ಜನ ತುಟಿ ಕಚ್ಚಿಕೊಂಡು ಕೂತೆವು. ಮೇನೇಜರಿಗೆ ಮಾತ್ರ ಇದು ಕಂಪನಿಯ ಮಾನದ ಪ್ರಶ್ನೆ ಅನ್ನಿಸಿರಬೇಕು. ಟೈ ಸರಿ ಮಾಡಿಕೊಂಡು, ಬಹಳ ಗಂಭೀರವಾಗಿ ಹೇಳಿದರು:

"ಛೆ ಛೆ, ಇಲ್ಲ ಸರ್. ನಮ್ಮಲ್ಲಿ ಭಾನುವಾರ ಎಲ್ಲರಿಗೂ ರಜೆ."

ಮುದುಕರು ನಮ್ಮ ಆರು ಮುಖಗಳನ್ನ ಒಂದೊಂದಾಗಿ ನೋಡಿದರು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿ, ತಮ್ಮ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದರು. ಅವತ್ತು ಭಾನುವಾರ.