ಗುಮ್ಮನಿಗೂ ಆಯಿತು ವರ್ಗಾವಣೆ

ಬ್ಯಾಂಕಿನವರ ಮನೆಯಲ್ಲಿ ಮಗು ಬೆಳೆಯುವಾಗ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ, ಅದೂ ಅಳುವ ಹೊತ್ತಿನಲ್ಲೇ. ನನಗೆ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾಲ್ಕು ವರ್ಷದ ಮಗಳು ತನ್ನ ಗೆಳತಿಯರನ್ನೆಲ್ಲ ಬಿಟ್ಟು ಬರಬೇಕಾಯಿತು. ಹೊಸ ಶಾಲೆಗೆ ಹೊಂದಿಕೊಳ್ಳುತ್ತಾಳೋ ಇಲ್ಲವೋ ಎಂಬ ಚಿಂತೆಗೆ ನನಗೂ ಹೆಂಡತಿಗೂ ಊಟ ಸೇರುತ್ತಿರಲಿಲ್ಲ.

ಡಾಕ್ಟರಮ್ಮನ ಮಾತು

ಊರು ಬಿಡುವ ಸುದ್ದಿ ಕಿವಿಗೆ ಬಿದ್ದಾಗಿನಿಂದ ಮಗಳದು ಒಂದೇ ರಂಪ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಮಕ್ಕಳ ಡಾಕ್ಟರಮ್ಮನ ಬಳಿ ಹೋದೆವು. ಯೋಚಿಸಿ ತಡೆದುಕೊಳ್ಳುವ ಮೆದುಳಿನ ಭಾಗ ಈ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ, ಅಳುವಾಗ ಬೈದರೆ ಏನೂ ತಲೆಗೆ ಹೋಗುವುದಿಲ್ಲ ಎಂದರು. ಮೊದಲು ಅವಳ ಎತ್ತರಕ್ಕೆ ಕೂತು, ಅವಳಿಗೆ ಏನನಿಸುತ್ತಿದೆಯೋ ಅದನ್ನು ನೀವೇ ಮಾತಿನಲ್ಲಿ ಹೇಳಿ, ಸಮಾಧಾನವಾದ ಮೇಲೆ ಬುದ್ಧಿ ಹೇಳಿ, ಹೆದರಿಸಲಂತೂ ಬೇಡಿ ಎಂದರು.

ಮೊಮ್ಮಗಳನ್ನು ನೋಡಿಕೊಳ್ಳಲು ತುಮಕೂರಿನಿಂದ ಬಂದಿದ್ದ ನನ್ನ ಅಮ್ಮನೂ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮನೆಗೆ ಬಂದ ಮೇಲೆ ಕೇಳಿದರು: "ಅಲ್ಲ ಕಣೋ, ನಿಮ್ಮಪ್ಪನಿಗೆ, ನಿನಗೆ, ಎಲ್ಲರಿಗೂ ಅನ್ನ ತಿನ್ನಿಸಿದೋನು ಗುಮ್ಮ. ಆಯಮ್ಮ ಅವನನ್ನ ಎಲ್ಲಿಗೆ ಟ್ರಾನ್ಸ್‌ಫರ್ ಮಾಡಿದ್ರು?"

ಬೆಂಚಿನ ಮೇಲಿನ ಹಿರಿಯರು

ಮನೆಯಲ್ಲಿ ಮಗಳ ಎತ್ತರಕ್ಕೆ ಕೂತು ಕೂತು ನನಗೆ ಅದೇ ಅಭ್ಯಾಸವಾಯಿತು. ವಿಶಾಖಪಟ್ಟಣಕ್ಕೆ ಬಂದ ಮೇಲೆ, ಮಧುರವಾಡದ ನಮ್ಮ ಬ್ಯಾಂಕ್ ಶಾಖೆಯಲ್ಲಿ ಒಂದು ದಿನ ನೆಟ್‌ವರ್ಕ್ ಕೈಕೊಟ್ಟು, ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಕೂಗಾಡುತ್ತಿದ್ದರು. ನಾನು ನನಗರಿವಿಲ್ಲದೆ ಎದ್ದು ಹೋಗಿ ಅವರೆದುರು ಕುಕ್ಕರಗಾಲಲ್ಲಿ ಕೂತು, ನಿಮಗೆ ಕೋಪ ಬಂದಿದೆ ಅಲ್ಲವೇನಂಡಿ ಎಂದು ತೆಲುಗಿನಲ್ಲಿ ಕೇಳಿದೆ. ಅವರು ತಣ್ಣಗಾದರು. ಮೊಣಕಾಲು ನೋವಿನಿಂದ ಹಿಡಿದು ಸೊಸೆಯ ಸಾಂಬಾರಿನವರೆಗೂ ಹೇಳಿಕೊಂಡು ಹೋದರು. ಇನ್ನು ಮುಂದೆ ಕುರ್ಚಿಯಲ್ಲಿ ಕೂತೇ ಸಮಾಧಾನ ಮಾಡಿ ಎಂದು ಮ್ಯಾನೇಜರ್ ನನಗೆ ತಾಕೀತು ಮಾಡಿದರು.

ಮರುದಿನ ನೆಟ್‌ವರ್ಕ್ ಚೆನ್ನಾಗಿತ್ತು. ಆದರೂ ಹಿರಿಯರು ಕೌಂಟರಿಗೆ ಹೋಗದೆ ಅದೇ ಬೆಂಚಿನಲ್ಲಿ ಕೂತು ನನ್ನನ್ನು ಕರೆದರು. ಇವತ್ತೂ ಸ್ವಲ್ಪ ಕೋಪ ಇದೆಯಂತೆ.

ಅಜ್ಜಿಯ ಶಾಲೆ

ಕಡೆಗೂ ಹೊಸ ಶಾಲೆಯ ಮೊದಲ ದಿನ ಬಂತು. ಮಗಳು ಗೇಟಿನಲ್ಲೇ ನನ್ನ ಕಾಲು ತಬ್ಬಿಕೊಂಡಳು. ಅವಳಿಗೆ ಧೈರ್ಯ ಬರುವವರೆಗೆ ಮನೆಯವರೊಬ್ಬರು ತರಗತಿಯಲ್ಲಿ ಜೊತೆಗಿರಲಿ ಎಂದು ಟೀಚರಮ್ಮ ಹೇಳಿದರು. ನಮ್ಮಿಬ್ಬರಿಗೂ ಕೆಲಸ, ಹಾಗಾಗಿ ಅಮ್ಮನೇ ಹೋದರು. ದಿನ ಕಳೆದಂತೆ ಅಳು ಕಡಿಮೆಯಾಯಿತು.

ಆಮೇಲೊಮ್ಮೆ ಟೀಚರಮ್ಮನಿಂದ ಫೋನು ಬಂತು. ಮತ್ತೆ ಅಳು ಶುರುವಾಯಿತೇನೋ ಅಂದುಕೊಂಡೆ. ಪಾಪು ಚೆನ್ನಾಗಿ ಹೊಂದಿಕೊಂಡಿದ್ದಾಳೆ ಸರ್, ಈಗ ನಿಮ್ಮ ತಾಯಿಯವರನ್ನು ಮನೆಗೆ ಕಳಿಸುವುದೇ ಕಷ್ಟವಾಗಿದೆ ಎಂದರು.

ಹೋಗಿ ನೋಡಿದರೆ ಅಮ್ಮ ಪುಟ್ಟ ಕುರ್ಚಿಯಲ್ಲಿ ಕೂತು ಮಕ್ಕಳ ಜೊತೆ ತೆಲುಗು ಹಾಡಿಗೆ ಕೈ ತಟ್ಟುತ್ತಿದ್ದರು. ಮನೆಗೆ ನಡೆಯಿರಿ ಅಂದೆ.

"ಮನೇಲಿ ಗೋಡೆ ನೋಡ್ಕೊಂಡು ಕೂರಬೇಕು. ಇಲ್ಲಿ ಎಲ್ಲರೂ ಮಾತಾಡಿಸ್ತಾರೆ. ನನಗೂ ಇದು ಹೊಸ ಊರಲ್ವೇನೋ?"

ಮಗಳ ಚಿಂತೆಯಲ್ಲಿ ನಮಗಿದು ಹೊಳೆದೇ ಇರಲಿಲ್ಲ. ಶನಿವಾರ ಬಂದು ಮಕ್ಕಳಿಗೆ ಕಥೆ ಹೇಳಿ ಎಂದು ಟೀಚರಮ್ಮನೇ ದಾರಿ ತೋರಿಸಿದರು. ಅಮ್ಮನ ಮುಖ ಅರಳಿತು.

ಅಷ್ಟರಲ್ಲಿ ಮಗಳು ಬಂದು ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಅಜ್ಜಿ ದಿನಾ ನನ್ನ ಫ್ರೆಂಡ್ ಪಕ್ಕ ಕೂತ್ಕೊಂಡುಬಿಡ್ತಾರೆ, ನಂಗೆ ಜಾಗಾನೇ ಇಲ್ಲ. ಅಜ್ಜೀನ ಬೇರೆ ಸ್ಕೂಲಿಗೆ ಸೇರ್ಸು."