ಪಿಸುಗುಡುವ ಸೂಜಿ, ಗುಂಯ್ಗುಡುವ ಡಬ್ಬಿ

ಹೆಂಡತಿ: ಆ ಡಬ್ಬಿ ನನ್ನದು. ಮುಚ್ಚಳನೂ ನನ್ನದೇ. ಎರಡನ್ನೂ ಎಲ್ಲಿಂದ ತಗೊಂಡ್ರೋ ಅಲ್ಲೇ ಇಡಿ.

ಗಂಡ: ಡಬ್ಬಿ ಅನ್ನಬೇಡ ಕಣೇ. ಈಗ ಅದು ಕವಚ.

ಹೆಂಡತಿ: ಬೆಳಿಗ್ಗೆ ಅದರಲ್ಲಿ ಸಕ್ಕರೆ ಇತ್ತು. ಈಗ ಸಕ್ಕರೆ ಪ್ಲಾಸ್ಟಿಕ್ ಚೀಲದಲ್ಲಿದೆ, ಸುತ್ತ ಇರುವೆಗಳು ಸಭೆ ಸೇರಿವೆ. ಕವಚ ಬೇಕಾಗಿರೋದು ಸಕ್ಕರೆಗೆ.

ಗಂಡ: ಸಕ್ಕರೆಗೆ ಇರುವೆ ಮಾತ್ರ ಶತ್ರು. ಇದಕ್ಕೆ ಇಡೀ ಮನೆಯ ಕರೆಂಟೇ ಶತ್ರು. ಹೊರಗಿನ ಗುಂಯ್ ಒಳಗೆ ನುಗ್ಗಬಾರದು ಅಂದ್ರೆ ಸುತ್ತಲೂ ಲೋಹ ಇರಲೇಬೇಕು.

ಹೆಂಡತಿ: ಲೋಹ ಹಾಕಿದ್ಮೇಲೂ ಗುಂಯ್ ಅಂತಾನೇ ಇದೆಯಲ್ಲ?

ಗಂಡ: ಈಗ ಬರ್ತಿರೋದು ಒಳಗಿನ ಗುಂಯ್.

ನಡುಮನೆಯ ಮೇಜಿನ ಮೇಲೆ ಹೆಂಡತಿಯ ತವರಿನಿಂದ ಬಂದ ರೆಕಾರ್ಡ್ ಪ್ಲೇಯರ್ ಇದೆ. ಅದರ ಪಕ್ಕದಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯ ಹೊಟ್ಟೆಯಲ್ಲಿ ಕೊರೆದ ತೂತುಗಳಿಂದ ನಾನಾ ಬಣ್ಣದ ವೈರುಗಳು ಹೊರಬಂದಿವೆ. ಒಂದು ಹಸಿರು ವೈರು ಮಾತ್ರ ನಡುಮನೆ ದಾಟಿ, ಅಡುಗೆಮನೆಯ ಬಾಗಿಲು ಹಾದು, ಬಚ್ಚಲಮನೆಯ ನಲ್ಲಿಗೆ ಸುತ್ತಿಕೊಂಡಿದೆ. ಗಂಡ ವಿಮಾ ಕಚೇರಿಯ ಗುಮಾಸ್ತ. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್. ಬೇಸಿಗೆಯ ಮಧ್ಯಾಹ್ನ, ಆದರೂ ಫ್ಯಾನ್ ತಿರುಗುತ್ತಿಲ್ಲ.

ಹೆಂಡತಿ: ಅಪ್ಪ ಇನ್ನೇನು ಬಂದುಬಿಡ್ತಾರೆ. ಬಸ್ ಇಳಿದೆ ಅಂತ ಫೋನ್ ಮಾಡಿದ್ರು. ಬಂದು ಏನು ಮಾಡ್ತಾರೆ ಗೊತ್ತು ತಾನೇ?

ಗಂಡ: ನನ್ನನ್ನ ಬೈತಾರೆ.

ಹೆಂಡತಿ: ಅದು ಯಾವಾಗಲೂ ಇದ್ದದ್ದು. ಈ ಸಲ ಪ್ಲೇಯರ್ ಹಾಡದಿದ್ರೆ ಎತ್ಕೊಂಡು ಹೋಗಿ ನನ್ನ ತಂಗಿಗೆ ಕೊಡ್ತಾರಂತೆ. ತಂಗಿ ಅದನ್ನ ಕೇಳ್ತಾಳಾ? ಮೇಲೊಂದು ಹೂದಾನಿ ಇಟ್ಟು ನೆಂಟರಿಗೆ ತೋರಿಸ್ತಾಳೆ. ನಾನು ತೊಟ್ಟಿಲಲ್ಲಿದ್ದಾಗಿಂದ ಕೇಳಿದ ಪ್ಲೇಯರ್ ರೀ ಅದು!

ಗಂಡ: ಅದು ಅವಳ ಪಾಲಾಗೋಕೆ ನಾನು ಬಿಡ್ತೀನಾ? ಸ್ವಲ್ಪ ತಾಳ್ಮೆ ಇರಲಿ.

ಹೆಂಡತಿ: ಚೆನ್ನಾಗಿ ಹಾಡ್ತಾ ಇತ್ತು. ಎದುರು ಮನೆಯವರು ಬಂದು ಸಣ್ಣಗಿಡಿ ಅನ್ನೋವಷ್ಟು ಹಾಡ್ತಾ ಇತ್ತು.

ಗಂಡ: ಹಾಡ್ತಿತ್ತು, ಒರಟಾಗಿ. ಈ ಹೊಸ ಸೂಜಿ ನೋಡು. ಇದರ ಹಿಂದೆ ಕೂದಲಿಗಿಂತ ತೆಳ್ಳಗಿನ ತಂತಿಯ ಸುರುಳಿ ಇದೆ. ಸೂಜಿ ಅಲ್ಲಾಡಿದ ಹಾಗೆ ಸುರುಳಿನೇ ಅಲ್ಲಾಡುತ್ತೆ. ಮೂವಿಂಗ್ ಕಾಯಿಲ್ ಅಂತಾರೆ. ಅಷ್ಟು ಸೂಕ್ಷ್ಮ ಇದು.

ಹೆಂಡತಿ: ಎಷ್ಟು ಸೂಕ್ಷ್ಮ ಅಂದ್ರೆ, ಕೇಳಿಸೋದೇ ಇಲ್ಲ.

ಗಂಡ: ಅದಕ್ಕೇ ತಾನೇ ಈ ಪ್ರಿಆಂಪ್ಲಿಫೈಯರ್ ಕಟ್ತಿರೋದು! ಸೂಜಿಯಿಂದ ಬಂದದ್ದನ್ನ ಸಾವಿರ ಪಟ್ಟು ಹೆಚ್ಚಿಸುತ್ತೆ.

ಹೆಂಡತಿ: ಅಂದ್ರೆ, ಬಾಯಿ ತುಂಬ ಹಾಡ್ತಿದ್ದವನನ್ನ ಮನೆಯಿಂದ ಓಡಿಸಿ, ಪಿಸುಗುಡೋನೊಬ್ಬನನ್ನ ಕರ್ಕೊಂಡು ಬಂದು, ಅವನು ಏನಂದ ಅಂತ ಕೂಗಿ ಹೇಳೋಕೆ ಇನ್ನೊಬ್ಬನನ್ನ ನೇಮಿಸಿದ್ದೀರಿ. ನಿಮ್ಮ ವಿಮಾ ಕಚೇರಿಲಿ ಹೀಗೇ ಕೆಲಸ ನಡೆಯೋದಾ?

ಗಂಡ: ನಮ್ಮ ಕಚೇರಿಲಿ ಕೂಗಿ ಹೇಳಬೇಕಾದವನೂ ಪಿಸುಗುಡ್ತಾನೆ.

ಹೆಂಡತಿ: ಆ ಹಳೇ ಸೂಜಿ ಎಲ್ಲಿದೆ? ಕೊಡಿ ಇಲ್ಲಿ. ಅದನ್ನೇ ಸಿಗಿಸೋಣ. ಅಪ್ಪ ಹೋದ್ಮೇಲೆ ನಿಮ್ಮ ಸೂಕ್ಷ್ಮ ಮುಂದುವರಿಸಿ.

ಗಂಡ ಡಬ್ಬಿಯೊಳಗೆ ತಲೆ ತೂರಿಸುವಷ್ಟು ಬಗ್ಗಿ, ಅಲ್ಲಿಲ್ಲದ ಒಂದು ಸ್ಕ್ರೂ ಬಿಗಿ ಮಾಡತೊಡಗಿದ.

ಹೆಂಡತಿ: ಕೇಳಿದ್ದು ನಿಮ್ಮನ್ನೇ.

ಗಂಡ: ಅದನ್ನ ಗುಜರಿ ಅಂಗಡಿಯವನಿಗೆ ಕೊಟ್ಟೆ. ಅವನು ಬದಲಿಗೆ, ಡಬ್ಬಿಗೆ ಕರೆಂಟ್ ಕೊಡೋ ಈ ಟ್ರಾನ್ಸ್‌ಫಾರ್ಮರ್ ಕೊಟ್ಟ.

ಹೆಂಡತಿ: ನಮ್ಮಪ್ಪ ಕೊಟ್ಟದ್ದನ್ನ ಗುಜರಿಗೆ ಹಾಕಿ, ಗುಜರಿಯಿಂದ ಎತ್ಕೊಂಡು ಬಂದದ್ದನ್ನ ನನ್ನ ಸಕ್ಕರೆ ಡಬ್ಬಿಗೆ ಹಾಕಿದ್ದೀರಿ!

ಗಂಡ: ಸೂಜಿನ ದೂರಬೇಡ. ತಪ್ಪು ಸೂಜಿದಲ್ಲ. ರೆಕಾರ್ಡ್ ಕೊರೆಯುವಾಗ ತಗ್ಗಿನ ಸ್ವರಗಳನ್ನ ಬೇಕಂತಲೇ ಸಣ್ಣದು ಮಾಡಿ ಕೊರೆದಿರ್ತಾರೆ. ಕೇಳಿಸುವಾಗ ನಾವು ಅವನ್ನ ಮತ್ತೆ ಮೇಲೆತ್ತಬೇಕು. ಹಾಗೆ ಎತ್ತುವಾಗ ಗುಂಯ್ ಕೂಡ ಜೊತೆಗೇ ಎದ್ದುಬಿಡುತ್ತೆ.

ಹೆಂಡತಿ: ಸಣ್ಣದು ಮಾಡಿದವರು ಅವರು, ಎತ್ತೋರು ನೀವು. ಕೇಳೋಳು ನಾನು. ಫ್ರಿಜ್ ಯಾಕೆ ಆರಿಸಿದ್ದೀರಿ?

ಗಂಡ: ಅದರ ಮೋಟಾರು ಶುರುವಾದಾಗಲೆಲ್ಲ ಸ್ಪೀಕರಲ್ಲಿ ಟಪ್ ಅನ್ನುತ್ತೆ.

ಹೆಂಡತಿ: ಒಳಗೆ ಹಾಲಿದೆ. ಒಡೆದ್ರೆ?

ಗಂಡ: ಹಾಲು ಒಡೆದ್ರೆ ಸದ್ದಾಗಲ್ಲ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಅದರ ಜೊತೆಗೇ ಸ್ಪೀಕರ್ ‘ಢಬ್’ ಎಂದಿತು. ಗಂಡ ಎದೆ ಹಿಡಿದುಕೊಂಡ. ಹೆಂಡತಿ ಬಾಗಿಲು ತೆಗೆದಳು. ಹೊರಗೆ ಮಾವ ನಿಂತಿದ್ದರು. ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿ ದುಡಿದು, ಕಳೆದ ವರ್ಷ ನಿವೃತ್ತರಾದವರು. ಕಣ್ಣಿನ ಕೆಳಗೆ ಕಪ್ಪು, ಹಣೆಯ ಮೇಲೆ ಗಂಟು. ಕಂಕುಳಲ್ಲಿ ಮಡಿಸಿದ ಹಳೆಯ ಕಂಬಳಿ, ಕೈಯಲ್ಲಿ ಹಗ್ಗದ ಸುರುಳಿ.

ಮಾವ: ಏನಮ್ಮ ಇದು ಸೆಕೆ! ಈಗ ತಾನೇ ಬೆಲ್ ಆಯ್ತು, ಅಷ್ಟರಲ್ಲೇ ಕರೆಂಟ್ ಹೋಯ್ತಾ? ನಾನು ಕೆಲಸದಲ್ಲಿದ್ದಾಗ ಹೀಗೆಲ್ಲ ಹೋಗ್ತಿರಲಿಲ್ಲ.

ಹೆಂಡತಿ: ಹೋಗಿಲ್ಲಪ್ಪ. ನಿಮ್ಮ ಅಳಿಯ ಕಳಿಸಿದ್ದಾರೆ.

ಗಂಡ: ಬನ್ನಿ ಮಾವ. ಜೋಪಾನ, ಕಾಲ ಕೆಳಗೆ ವೈರಿದೆ.

ಮಾವ: ಓ, ಅಲ್ಲೂ ಇದೆಯಾ? ನಾನು ಇದು ಬಟ್ಟೆ ಒಣಹಾಕೋದು ಅಂದುಕೊಂಡೆ.

ಬೆವರು ಒರೆಸಿದ ಕರವಸ್ತ್ರವನ್ನು ಅವರು ಆಗಲೇ ಅಡುಗೆಮನೆ ಬಾಗಿಲ ಬಳಿ ಎದೆಯೆತ್ತರಕ್ಕೆ ಎಳೆದಿದ್ದ ಹಸಿರು ವೈರಿನ ಮೇಲೆ ಹರಡಿಯಾಗಿತ್ತು.

ಗಂಡ: ಅದು ಅರ್ಥಿಂಗ್ ಮಾವ!

ಮಾವ: ಇರಲಿ ಬಿಡಿ, ಒಣಗಲಿ. ಅಳಿಯಂದ್ರೆ, ಸುತ್ತುಬಳಸಿ ಮಾತು ಬೇಡ. ಪ್ಲೇಯರ್ ಹಾಡುತ್ತಾ, ಇಲ್ವಾ? ಇಲ್ಲ ಅಂದ್ರೆ ಕಂಬಳಿ ಸುತ್ತಿ ಹಗ್ಗ ಬಿಗಿದು ಈಗಲೇ ಹೊರಡ್ತೀನಿ. ಚಿಕ್ಕ ಮಗಳು ಮೇಜು ಒರೆಸಿ ಕಾಯ್ತಿದ್ದಾಳೆ.

ಹೆಂಡತಿ: ಹೂದಾನಿನೂ ತೊಳೆದಿಟ್ಟಿರ್ತಾಳೆ.

ಗಂಡ: ಹಾಡುತ್ತೆ ಮಾವ. ಕೂತ್ಕೊಳ್ಳಿ.

ಮಾವ ಕುರ್ಚಿಯ ತುದಿಯಲ್ಲಿ, ಏಳಲು ಅನುಕೂಲವಾಗುವಂತೆ ಕುಳಿತರು. ಗಂಡ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ಡಬ್ಬಿಯ ಸ್ವಿಚ್ ಒತ್ತಿ, ಕಣ್ಣು ಮುಚ್ಚಿಕೊಂಡ. ಸ್ಪೀಕರಿನಿಂದ ‘ಗುಂಯ್’ ಎಂದು ದಪ್ಪ ಸದ್ದೊಂದು ಎದ್ದು ಕೋಣೆಯನ್ನೆಲ್ಲ ತುಂಬಿತು. ಅದರ ತಳದಲ್ಲೆಲ್ಲೋ ಒಬ್ಬ ಗಾಯಕಿ ಬಾವಿಗೆ ಬಿದ್ದವಳಂತೆ ಹಾಡುತ್ತಿದ್ದಳು.

ಹೆಂಡತಿ: ಮುಗೀತು.

ಗಂಡ: ಒಂದು ನಿಮಿಷ ಮಾವ, ಡಬ್ಬಿ ಸ್ವಲ್ಪ ತಿರುಗಿಸಿದ್ರೆ ಕಡಿಮೆ ಆಗುತ್ತೆ.

ಮಾವ: ಶ್!

ಗಂಡ: ಕೋಪ ಮಾಡ್ಕೋಬೇಡಿ. ಇಗೋ, ತಿರುಗಿಸಿದೆ. ಇಳೀತು ನೋಡಿ!

ಮಾವ: ಯಾಕೆ ಇಳಿಸಿದ್ರಿ?

ಗಂಡ: ಸರಿಮಾಡಿದೆ ಮಾವ.

ಮಾವ: ಏನು ಸರಿಮಾಡೋದು, ಕೆಡಿಸಿಬಿಟ್ರಿ! ಮೊದಲು ಹೇಗಿತ್ತೋ ಹಾಗೇ ಇಡಿ.

ಹೆಂಡತಿ: ಹಾಡಿನ ಧ್ವನಿ ಕಡಿಮೆ ಆಯ್ತು ಅಂತಿದ್ದಾರೆ, ಕಿವಿ ಕೇಳಿಸಲ್ವಾ? ಜೋರು ಮಾಡ್ರೀ.

ಗಂಡ ಡಬ್ಬಿಯನ್ನು ಮೊದಲಿನಂತೆ ತಿರುಗಿಸಿ, ಧ್ವನಿ ಏರಿಸಿದ. ಗುಂಯ್ ಜೊತೆಗೆ ಗಾಯಕಿಯೂ ಬಾವಿಯಿಂದ ಅರ್ಧ ಮೇಲೆ ಬಂದಳು. ಮಾವ ಮುಖ ಹಿಂಡಿದರು.

ಮಾವ: ಆ ಹೆಂಗಸು ಯಾಕೆ ಮಧ್ಯೆ ಬಾಯಿ ಹಾಕ್ತಾಳೆ?

ಹೆಂಡತಿ: ನಾನು ನಿಮ್ಮ ಪರವಾಗಿ ಮಾತಾಡಿದ್ದಪ್ಪಾ!

ಮಾವ: ನೀನಲ್ಲ ಕಣಮ್ಮ. ಒಳಗೆ ಹಾಡ್ತಿದ್ದಾಳಲ್ಲ, ಅವಳು. ಬಾಯಿ ಮುಚ್ಚಿಸಿ.

ಹೆಂಡತಿ: ಅಪ್ಪಾ, ಇದು ನಿಮಗೆ ಇಷ್ಟ ಅಂತಲೇ ಹಾಕಿದ ಹಾಡು!

ಮಾವ: ಆ ಹಾಡು ಇಷ್ಟ ನಿಮ್ಮಮ್ಮನಿಗೆ. ಸೂಜಿ ಎತ್ತಿ ಅಳಿಯಂದ್ರೆ.

ಗಂಡ ಸೂಜಿ ಎತ್ತಿದ. ಗಾಯಕಿ ಮಾಯವಾದಳು. ಕೋಣೆಯಲ್ಲಿ ಗುಂಯ್ ಒಂದೇ ಉಳಿಯಿತು. ಮಾವ ಮೆಲ್ಲಗೆ ಹಿಂದಕ್ಕೆ ಸರಿದು ಕುರ್ಚಿಗೆ ಒರಗಿದರು. ಹಣೆಯ ಗಂಟು ಸಡಿಲವಾಯಿತು. ಹಗ್ಗದ ಸುರುಳಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಮಾವ: ಆಹಾ... ನಮ್ಮ ಎರಡನೇ ಟ್ರಾನ್ಸ್‌ಫಾರ್ಮರ್. ಅದೇ ಶ್ರುತಿ.

ಗಂಡ: ಮಾವ?

ಮಾವ: ಸರ್ವಿಸ್ ಪೂರ್ತಿ ಇದರ ಪಕ್ಕದಲ್ಲೇ ಕೂತಿದ್ದೆ. ನಿವೃತ್ತಿ ದಿನ ಗಡಿಯಾರ ಕೊಟ್ರು, ಭಾಷಣ ಮಾಡಿದ್ರು. ಇದನ್ನ ಯಾರೂ ಕೊಡಲಿಲ್ಲ. ಅವತ್ತಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಮನೆಲಿ ಮಲಗಿದ್ರೆ ಕಿವಿಯೊಳಗೆ ಬರೀ ಖಾಲಿ ಖಾಲಿ.

ಹೆಂಡತಿ: ಅಮ್ಮ ಗೊರಕೆ ಹೊಡೀತಾರಲ್ಲ?

ಮಾವ: ಅದಕ್ಕೆ ಶ್ರುತಿ ನಿಲ್ಲಲ್ಲ. ಏರುತ್ತೆ, ಇಳಿಯುತ್ತೆ. ನಡುವೆ ಎದ್ದು ಕೂತು ನನ್ನನ್ನ ಬೈಯುತ್ತೆ.

ಗಂಡ: ಮಾವ, ಇದು ಡಬ್ಬಿಯ ದೋಷ. ಇನ್ನೊಂದೆರಡು ದಿನ ಟೈಮ್ ಕೊಡಿ. ಟ್ರಾನ್ಸ್‌ಫಾರ್ಮರ್ ದೂರ ಇಟ್ಟು, ವೈರುಗಳನ್ನ ಹೆಣೆದು...

ಮಾವ: ಮುಟ್ಟಿದ್ರೆ ನೋಡಿ!

ಗಂಡ: ಒಳಗೆ ಹಾಡು ಎಷ್ಟು ಸೂಕ್ಷ್ಮವಾಗಿದೆ ಅಂತ ನೀವು ಕೇಳಲೇ ಇಲ್ಲ. ನೀವು ಹೊಗಳ್ತಿರೋದು ನನ್ನ ತಪ್ಪನ್ನ.

ಮಾವ: ಮದುವೆ ಆದಾಗಿಂದ ನಿಮ್ಮಲ್ಲಿ ಹೊಗಳೋಕೆ ಏನಾದ್ರೂ ಸಿಗುತ್ತಾ ಅಂತ ಹುಡುಕ್ತಾನೇ ಇದ್ದೆ. ಕೊನೆಗೂ ಸಿಕ್ಕಿದೆ. ಅದನ್ನೂ ಕಿತ್ಕೋಬೇಡಿ. ನಮ್ಮ ಮನೆ ಹಳೇ ರೇಡಿಯೋಗೆ ಇದನ್ನ ಸಿಗಿಸಬಹುದಾ?

ಗಂಡ: ಹಿಂದೆ ತೂತಿದ್ರೆ ಸಿಗಿಸಬಹುದು, ಆದ್ರೆ...

ಮಾವ: ‘ಆದ್ರೆ’ ನೀವೇ ಇಟ್ಕೊಳ್ಳಿ.

ಮಾವ ಎದ್ದು ಕಂಬಳಿ ಬಿಡಿಸಿದರು. ಪ್ಲೇಯರ್ ಕಡೆ ತಿರುಗಿಯೂ ನೋಡದೆ, ಡಬ್ಬಿಯ ವೈರುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಎಳೆ ಮಗುವಿನಂತೆ ಕಂಬಳಿಯಲ್ಲಿ ಸುತ್ತತೊಡಗಿದರು. ಹೆಂಡತಿ ಒಮ್ಮೆ ಕಂಬಳಿಯನ್ನೂ ಒಮ್ಮೆ ಪ್ಲೇಯರನ್ನೂ ನೋಡಿದಳು.

ಹೆಂಡತಿ: ಅಪ್ಪಾ, ಹಾಗಾದ್ರೆ ಪ್ಲೇಯರ್?

ಮಾವ: ಇಲ್ಲೇ ಬಿದ್ದಿರಲಿ. ಯಾರಿಗೆ ಬೇಕು ಅದು?

ಹೆಂಡತಿ: ತಂಗಿಗೆ ಏನು ಹೇಳ್ತೀರಿ?

ಮಾವ: ಹೂದಾನಿನ ನೆಲದ ಮೇಲೆ ಇಡು ಅಂತೀನಿ.

ಹೆಂಡತಿ: ಕೊಡಿ, ಹಗ್ಗ ನಾನು ಬಿಗೀತೀನಿ.

ಗಂಡ: ಏನೇ ಇದು, ನೀನೂ ಸೇರ್ಕೊಂಡ್ಯಾ? ಆ ಡಬ್ಬಿ ಇಲ್ಲದೆ ಪ್ಲೇಯರ್ ಮೂಕ ಆಗುತ್ತೆ!

ಹೆಂಡತಿ: ಇದ್ದಾಗ ಬಹಳ ಮಾತಾಡ್ತಿತ್ತು ನೋಡಿ. ಚಪ್ಪಲಿ ಹಾಕ್ಕೊಳ್ಳಿ. ಗುಜರಿ ಅಂಗಡಿಗೆ ಹೋಗಿ ನನ್ನ ಸೂಜಿ ವಾಪಸ್ ತನ್ನಿ.

ಗಂಡ: ಅವನು ಸುಮ್ಮನೆ ಕೊಡ್ತಾನಾ? ಬದಲಿಗೆ ಏನು ಕೊಡಲಿ?

ಹೆಂಡತಿ: ಆ ಸೂಕ್ಷ್ಮದ ಸೂಜಿ ಕೊಡಿ. ತಗೋಳೋಕೆ ಒಪ್ಪಲಿಲ್ಲ ಅಂದ್ರೆ, ಅದರ ಜೊತೆ ಪ್ರಿಆಂಪ್ಲಿಫೈಯರ್ ಬೇಕಾಗುತ್ತೆ ಅನ್ನೋದು ಅವನಿಗೆ ಆಗಲೇ ಗೊತ್ತಾಗಿದೆ ಅಂತ ಅರ್ಥ. ಕಾಲು ಹಿಡೀರಿ.

ಗಂಡ ಚಪ್ಪಲಿ ಹುಡುಕುತ್ತ ಬಾಗಿಲಿಗೆ ಬಂದ. ಮಾವ ಆಗಲೇ ಗಂಟನ್ನು ಎದೆಗೊತ್ತಿಕೊಂಡು ಹೊಸ್ತಿಲು ದಾಟಿದ್ದರು. ಎರಡು ಮೆಟ್ಟಿಲು ಇಳಿದವರು ಏಕೋ ಅನುಮಾನ ಬಂದು ನಿಂತು, ಹಿಂದಿರುಗಿ ನೋಡಿದರು.

ಮಾವ: ಅಳಿಯಂದ್ರೆ, ನಿಜ ಹೇಳಿ. ಬಸ್ಸಲ್ಲಿ ಕುಲುಕಾಡಿ, ಮನೆಗೆ ಹೋಗೋಷ್ಟರಲ್ಲಿ ಇದು ತಾನಾಗೇ ಸರಿಹೋಗಿ ಸುಮ್ಮನಾಗಿಬಿಟ್ರೆ?

ಗಂಡ: ಆ ಭಯ ಬೇಡ ಮಾವ. ಕಟ್ಟಿದೋನು ನಾನು.