ದೊರೆಗೆ ತಾಳ ಹಾಕಿದ್ದು

ನಮ್ಮ ದೊರೆಗಳು ಒಮಾನಿಗೆ ಬಂದದ್ದು ಕಲ್ಲು ಕೆತ್ತಲಿಕ್ಕೆ. ನಾನು ಹೇಳುವುದಲ್ಲ, ಅಲ್ಲಿನ ಸರಕಾರದ ಸೀಲು ಬಿದ್ದ ಕಾರ್ಡೇ ಹಾಗೆ ಹೇಳುತ್ತಿತ್ತು! ಐವತ್ತೈದು ದಾಟಿದ ಇಂಗ್ಲೆಂಡಿನ ಮನುಷ್ಯ, ಬೆನ್ನ ತನಕ ಇಳಿದ ನರೆತ ಜುಟ್ಟು, ಒಂದೇ ಕಿವಿಯಲ್ಲಿ ಒಂಟಿ, ಕಾಗೆಯೂ ಹಾರದ ಬಿಸಿಲಿನಲ್ಲಿ ಮೊಣಕಾಲಿನವರೆಗೆ ಚರ್ಮದ ಬೂಟು. ಇಂಥವರು ಕಲ್ಲು ಕೆತ್ತುತ್ತಾರೆಂದರೆ ನೀವು ನಂಬುತ್ತೀರಾ? ನಂಬಬೇಡಿ. ತಪ್ಪು ನಮ್ಮದು.

ತೊಂಬತ್ತರ ಆಚೀಚೆ ನಾನು ಅಲ್ ಖೌದಿನ ಒಂದು ಟೈಪಿಂಗ್ ಆಫೀಸಿನಲ್ಲಿದ್ದೆ. ವೀಸಾ, ಲೇಬರ್ ಕಾರ್ಡು, ಅರ್ಜಿ ಎಲ್ಲ ಅಲ್ಲಿ ಆಗುತ್ತಿತ್ತು. ಇಂಗ್ಲಿಷ್ ಟೈಪು ನನ್ನದು, ಅರಬಿ ಟೈಪು ಹಮೀದಾಕನದ್ದು. ಹಮೀದಾಕ ನಮ್ಮ ಮಂಗಳೂರು ಕಡೆಯ ಬ್ಯಾರಿ. ಮದರಸದಲ್ಲಿ ಕಲಿತ ಅರಬಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಕ್ಕೆ ಬರೀ ಧೈರ್ಯದಿಂದ ಟೈಪು ಮಾಡುತ್ತಿದ್ದ. ಮಸ್ಕತಿನ ಒಂದು ಹೋಟೆಲಿನಿಂದ ಬಂದ ಕಾಗದದಲ್ಲಿ ದೊರೆಗಳ ಉದ್ಯೋಗ 'ರಾಕ್ ಆರ್ಟಿಸ್ಟ್' ಎಂದಿತ್ತು.

"ರಾಕ್ ಅಂದ್ರೆ ಕಲ್ಲಲ್ವಾ ಮಾರಾಯಾ?" ಎಂದ ಹಮೀದಾಕ.

"ಹೌದು," ಎಂದೆ, ಬೇರೆ ಯಾವುದೋ ಕಾಗದ ನೋಡುತ್ತಾ.

ಖಲಾಸ್! ಕಾರ್ಡು ಬಂದಾಗ ದೊರೆಗಳು ಕಲ್ಲು ಕೆತ್ತುವವರಾಗಿದ್ದರು. ನಾನು ಬೆವರುತ್ತಾ ತಪ್ಪೊಪ್ಪಿಕೊಂಡರೆ ಅವರು ಗಾಜಿನ ಬಾಗಿಲು ಅದುರುವಂತೆ ನಕ್ಕು, "ತಿದ್ದಬೇಡ! ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಮರ್ಯಾದೆಯ ಕೆಲಸ ಬರೆದಿರಲಿಲ್ಲ!" ಎಂದು ಕಿರುಚಿದರು. (ಕಿರುಚಿದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಡಿದ್ದು ನಾನು. ಹಮೀದಾಕನ ಅರಬಿಗಿಂತ ವಾಸಿ ಎಂದುಕೊಂಡು ಓದಿ.)

ಆಮೇಲೆ ನೋಡಿದರೆ ನಮ್ಮ ಫ್ಲ್ಯಾಟಿನ ಪಕ್ಕದ ಒಂಟಿ ರೂಮಿಗೇ ಬಾಡಿಗೆಗೆ ಬಂದರು. ಕಿರುಚುವುದೇ ಅವರ ಮಾತು. ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದ್ದಕ್ಕೆ ಉದ್ದುದ್ದ ಉತ್ತರ. ಊಟ ಆಯಿತಾ ಎಂದರೆ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಕಥೆ! "ಇಂಗ್ಲಿಷಿನವರು ಯಾವ ಕಾಲದಲ್ಲಿ ನಮ್ಮ ಮಾತು ಕೇಳಿದ್ದಾರೆ ಹೇಳಿ?" ಎಂದಳು ನನ್ನ ಹೆಂಡತಿ ಜಲಜ. ದೊರೆ ಎಂದು ಹೆಸರಿಟ್ಟದ್ದೂ ಅವಳೇ. ಅವರಾದರೂ ನಮಗೆಲ್ಲ ಒಟ್ಟಿಗೆ ಒಂದೇ ಹೆಸರಿಟ್ಟಿದ್ದರು. ನಾವು ಮಾತಿಗೊಮ್ಮೆ ಮಾರಾಯ ಎನ್ನುವುದನ್ನು ನಮ್ಮ ಬಾಯಿಯಲ್ಲಿ ನೋಡಿ, ಮಂಗಳೂರಿನವರದ್ದೆಲ್ಲ ಅದೇ ಮನೆತನ ಎಂದು ತಿಳಿದು, ನನಗೂ ಮಾರಾಯ, ಹಮೀದಾಕನಿಗೂ ಮಾರಾಯ!

ಒಂದು ಕಾಲದಲ್ಲಿ ದೊಡ್ಡ ಹೆಸರಂತೆ. ನಾಲ್ಕು ಜನರ ಬ್ಯಾಂಡು, ಎದುರಿಗೆ ಕಣ್ಣು ಹಾಯುವಷ್ಟು ದೂರ ಜನ. ಆಟದ ಕೊನೆಗೆ ಗಿಟಾರನ್ನು ನೆಲಕ್ಕೆ ಬಡಿದು ಒಡೆಯುತ್ತಿದ್ದರಂತೆ.

"ಮತ್ತೆ ಪೊಲೀಸಿನವರು ಹಿಡೀಲಿಲ್ವಾ?" ಎಂದು ಹಮೀದಾಕ ಅವರ ಎದುರು ನಿಂತು ಕೇಳಿದ.

"ಜನ ಇನ್ನೊಂದು ಒಡೆ ಎಂದು ಕೂಗುತ್ತಿದ್ದರು!"

"ಯಾ ಅಲ್ಲಾ! ನಮ್ಮ ಬಾಪ ಆಗಿದ್ರೆ ಆ ಕಟ್ಟಿಗೆಯಲ್ಲೇ ನಮಗೆ ಬಾರಿಸ್ತಿದ್ರು."

ಉಳಿದ ಮೂವರು ಏನಾದರೆಂದು ನಾನು ಕೇಳಬಾರದಿತ್ತು. "ಇಬ್ಬರನ್ನು ಅಮಲು ತಿಂದಿತು. ಒಬ್ಬ ಪಾದ್ರಿಯಾದ. ನಾನು ಒಮಾನಿಗೆ ಬಂದೆ. ಯಾರ ಗತಿ ಕೆಟ್ಟದ್ದು ಹೇಳು ಮಾರಾಯ?" ಎಂದು ಹೊಟ್ಟೆ ಹಿಡಿದು ನಕ್ಕರು. ನಮಗೆ ನಗಲಿಕ್ಕೆ ಆಗಲಿಲ್ಲ.

ಶುಕ್ರವಾರ ಸಂಜೆ ನಮ್ಮ ಹಾಲಿನಲ್ಲಿ ತುಳು ಮನೆಯವರೆಲ್ಲ ಸೇರಿ ಭಜನೆ. ತಾಳ ಹಾಕುವವ ನಾನು. ಒಂದು ಶುಕ್ರವಾರ ಬಾಗಿಲು ಬಡಿಯಿತು. ತೆರೆದರೆ ದೊರೆಗಳು! ಗಲಾಟೆ ಹೆಚ್ಚಾಯಿತೆಂದು ಜಗಳಕ್ಕೆ ಬಂದರೆಂದುಕೊಂಡು ನಾನು ಕೈ ಮುಗಿದೆ.

"ನನ್ನ ರೂಮಿನ ಗೋಡೆ ಹಾಡುತ್ತಾ ಇದೆ," ಎಂದರು.

ಬೂಟು ಬಿಚ್ಚಿ ಒಳಗೆ ಬಂದವರು ಸೀದಾ ದೇವರ ಫೋಟೋ ಇಟ್ಟ ಮರದ ಕಪಾಟಿನ ಹತ್ತಿರ ಹೋದರು. ಹಾರ್ಮೋನಿಯಂ, ಡೋಲಕ್ ಎರಡೂ ಅದಕ್ಕೇ ಒತ್ತಿಕೊಂಡಿದ್ದವು. ದೊರೆಗಳು ಮೊಣಕಾಲೂರಿ, ಕಪಾಟಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದರು. ಮಂಗಳಾರತಿಯವರೆಗೆ ಏಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ನಾವು ಹುಟ್ಟಿ ದಂಡ. ಭಕ್ತಿ ಅಂದ್ರೆ ಇದು!" ಎಂದು ಜಲಜ ಪಂಚಕಜ್ಜಾಯವನ್ನು ಎರಡು ಪಾಲು ಹಾಕಿದಳು. ಊರಿಂದ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ಅಜ್ಜಿಯಂತೂ ದೊರೆಗಳ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಟರು. ವಾರ ವಾರವೂ ಇದೇ ಕಥೆ. ನಮ್ಮ ಭಜನೆಗೆ ಜನ ಹೆಚ್ಚಾದರು.

ಮೂರನೆಯ ತಿಂಗಳೋ ಏನೋ, ಜಲಜಳ ಕೈ ಜಾರಿ ಹಿತ್ತಾಳೆಯ ಹರಿವಾಣ ದೊರೆಗಳ ಬೆನ್ನ ಹಿಂದೆಯೇ ಬಿತ್ತು. ಸಿಮೆಂಟು ನೆಲ, ಆ ಸದ್ದಿಗೆ ನಾವೆಲ್ಲ ಹಾರಿಬಿದ್ದೆವು, ಅಜ್ಜಿಯ ಮಡಿಲಲ್ಲಿದ್ದ ಮೊಮ್ಮಗು ಚಿಟ್ಟನೆ ಚೀರಿತು. ದೊರೆಗಳು ಮಾತ್ರ ತಿರುಗಿಯೂ ನೋಡದೆ ಪಂಚಕಜ್ಜಾಯ ತಿನ್ನುತ್ತಿದ್ದರು.

ಎಲ್ಲರೂ ಹೋದ ಮೇಲೆ ಎದುರು ನಿಂತು, ದನಿ ತೆಗೆಯದೆ ಬರೀ ತುಟಿ ಆಡಿಸಿ, ಕಿವಿ ಕೇಳಿಸುವುದಿಲ್ಲವಾ ಎಂದು ಕೇಳಿದೆ. ಅವರು ಅಡಗಿಸಲಿಲ್ಲ. "ಎಡಗಿವಿ ಹೋಗಿ ಆರು ವರ್ಷ. ಬಲದ್ದು ಈ ಬೇಸಗೆಯಲ್ಲಿ ಹೋಯಿತು. ಊರವರ ಕಿವಿ ಒಡೆಯುತ್ತೇನೆಂದು ಹೊರಟು ನನ್ನದನ್ನೇ ಒಡೆದುಕೊಂಡೆ. ನಿನ್ನ ಕಪಾಟು ಮಾತ್ರ ಇನ್ನೂ ಹಣೆಗೆ ಕೇಳಿಸುತ್ತದೆ." ಮತ್ತೆ ನನ್ನ ಕೈ ಹಿಡಿದುಕೊಂಡರು. "ಹೋಟೆಲಿನವರಿಗೆ ಗೊತ್ತಾದರೆ ಕೆಲಸ ಹೋಯಿತು, ವೀಸಾ ಹೋಯಿತು. ಇಂಗ್ಲೆಂಡಿನಲ್ಲಿ ನನಗೆ ಮನೆಯಿಲ್ಲ, ಜನವಿಲ್ಲ. ಅಲ್ಲಿ ನಾನೊಬ್ಬ ಕಿವುಡ. ಇಲ್ಲಿ ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಸಂಗೀತಗಾರ."

ಏನು ಮಾಡುತ್ತೀರಿ ನೀವಾದರೆ? ನಾನು ತಾಳ ಹಾಕಿದೆ! ಹೋಟೆಲಿನಲ್ಲಿ ಅವರ ಹಿಂದೆ ಡ್ರಮ್ಮು ಬಾರಿಸಲು ಒಬ್ಬ ಫಿಲಿಪಿನೋ ಇದ್ದ. ವೇದಿಕೆಗೆ ದಪ್ಪ ಕಾರ್ಪೆಟ್ಟು, ಅದುರುವಿಕೆ ಕಾಲಿಗೆ ಮುಟ್ಟುತ್ತಿರಲಿಲ್ಲ. ನಾನು ಎದುರಿನ ಮೇಜಿನಲ್ಲಿ ಕುಳಿತು, ಡ್ರಮ್ಮಿನವನನ್ನು ನೋಡಿ ಭಜನೆಗೆ ಹಾಕಿದ ಹಾಗೆ ತೊಡೆಯ ಮೇಲೆ ತಾಳ ಹಾಕುವುದು, ದೊರೆಗಳು ನನ್ನ ಕೈ ನೋಡಿ ಬಾರಿಸುವುದು. ಯಾರಿಗೂ ಗುಮಾನಿ ಬರಲಿಲ್ಲ. ಪುಕ್ಕಟೆ ಬಿರಿಯಾನಿಗೆ ನನ್ನ ಪ್ಯಾಂಟಿನ ಗುಂಡಿಗಳು ಹಾರಿದ್ದು ಬಿಟ್ಟರೆ ಒಂದು ವರ್ಷ ಎಲ್ಲ ಸಸೂತ್ರ ನಡೆಯಿತು.

ಎಲ್ಲ ಕೆಟ್ಟದ್ದು ಒಂದು ಟ್ರಾಲಿಯಿಂದ. ಹೋಟೆಲಿನ ತುಂಬ ಜನವಿದ್ದ ಒಂದು ಶುಕ್ರವಾರ ಬಿರಿಯಾನಿಯ ಟ್ರಾಲಿಯ ಗಾಲಿಗೆ ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ವಯರು ಸಿಕ್ಕಿ ಪ್ಲಗ್ಗು ಕಿತ್ತುಬಂತು. ಗಿಟಾರು ಮೂಕವಾಯಿತು. ಡ್ರಮ್ಮಿನವನು ಗಾಬರಿಯಾಗಿ ನಿಲ್ಲಿಸಿದ. ದೊರೆಗಳು ಮಾತ್ರ ಬಾರಿಸುತ್ತಲೇ ಇದ್ದರು. ಬೆರಳು ಓಡುತ್ತಿದೆ, ತಲೆ ತೂಗುತ್ತಿದೆ, ಸದ್ದೇ ಇಲ್ಲ!

ಪಕ್ಕದ ಮೇಜಿನ ಮಗುವೊಂದು, "ಮಮ್ಮಿ, ನೋ ಸೌಂಡ್!" ಎಂದಿತು. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಬಾಗಿಲಲ್ಲಿ ಮ್ಯಾನೇಜರ್ ಬಂದು ನಿಂತ. ನಾನು ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅಷ್ಟು ಜನರ ಎದುರು ಅವರಿಗೆ ತಿಳಿದುಹೋಗುತ್ತದಲ್ಲ ಎಂದು ಜೀವ ಹಿಡಿಯಾಯಿತು. ನಿಲ್ಲಿಸಲಿಲ್ಲ. ಇಲ್ಲದ ಹಾಡಿಗೆ ಕೊನೆಯವರೆಗೆ ತಾಳ ಹಾಕಿದೆ. ಮುಗಿದಾಗ ನಾನೊಬ್ಬನೇ ಎದ್ದು ಚಪ್ಪಾಳೆ ಹೊಡೆದೆ. ದೊರೆಗಳು ತಲೆ ಬಾಗಿಸಿ ಇಳಿದುಹೋದರು.

ಮರುದಿನವೇ ವೀಸಾ ರದ್ದು ಮಾಡುವ ಕಾಗದ ಬಂತು, ನಮ್ಮ ಆಫೀಸಿಗೇ! ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಎರಡು ನಿಮಿಷ ಬಾಯಿ ಮುಚ್ಚಿ ಗೊತ್ತಿಲ್ಲದ ಹಮೀದಾಕ ಅಂದು ತಲೆ ಎತ್ತದೆ ಅರಬಿಯಲ್ಲಿ ಟೈಪು ಮಾಡಿದ.

ದೊರೆಗಳು ಸಹಿ ಹಾಕಲಿಕ್ಕೆ ಬಂದರು. ನನಗೆ ಮುಖ ಎತ್ತಲಾಗಲಿಲ್ಲ. ಒಂದು ಚೀಟಿಯಲ್ಲಿ ಬರೆದು ಅವರ ಮುಂದೆ ಸರಿಸಿದೆ: 'ಕ್ಷಮಿಸಿ. ಪ್ಲಗ್ಗು ಹೋದದ್ದು ನಿಮಗೆ ಗೊತ್ತಾಗಲಿಲ್ಲ. ನಾನು ತಿಳಿಸಲೂ ಇಲ್ಲ. ಜನ ನಗುವ ಹಾಗೆ ಮಾಡಿದೆ.'

ಅವರು ಓದಿದರು. ಮೊದಲ ಸಲ, ಕಿರುಚದೆ, ಮೆಲ್ಲಗೆ ಮಾತಾಡಿದರು.

"ಗಿಟಾರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉಂಟಲ್ಲ, ಅದು ನನ್ನ ಕಾಲ ಬುಡದಲ್ಲೇ ಆರಿತು. ನಾನು ಕಿವುಡ ಹೌದು, ಕುರುಡ ಅಲ್ಲ."

ನಾನು ತಲೆ ಎತ್ತಿದೆ. "ಮತ್ತೆ ಯಾಕೆ ಬಾರಿಸಿದ್ರಿ?"

"ನೀನು ಕೈ ನಿಲ್ಲಿಸಲಿಲ್ಲವಲ್ಲ ಮಾರಾಯ," ಎಂದರು. "ತಾಳ ಹಾಕುವವನನ್ನು ನಡುವೆ ಬಿಟ್ಟು ಹೋಗುವುದುಂಟಾ?"

ನನಗೆ ತಡೆಯಲಾಗಲಿಲ್ಲ. ಟೈಪ್‌ರೈಟರಿನ ಮೇಲೆ ತಲೆಯಿಟ್ಟು, ಆಫೀಸು ತುಂಬ ಜನರಿದ್ದರೂ ಗೋಳೋ ಎಂದು ಅತ್ತೆ. ನಾನು ಅಳುವುದು ಅವರಿಗೆ ಕೇಳಿಸುತ್ತಿರಲಿಲ್ಲ. ಮೇಜು ದಾಟಿ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟರು, ಅದರ ಅದುರುವಿಕೆ ನಿಲ್ಲುವ ತನಕ ತೆಗೆಯಲಿಲ್ಲ.